ಮೈನಸ್ 30ರ ಚಳಿಗೆ ಕಾರಿಗೆ ಯಾವ ಎಂಜಿನ್ ಆಯಿಲ್? ಅನುಭವ ಇದ್ದವರು ಹೇಳಿ

ಪ್ರಶ್ನೆ, ಎಡ್ಮಂಟನ್‌ನಿಂದ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು, ಮೇ ತಿಂಗಳಲ್ಲಿ ಕೆನಡಾಕ್ಕೆ ಬಂದೆ, ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಇದು ನನ್ನ ಮೊದಲ ಚಳಿಗಾಲ. 2014ರ ಕೊರೊಲ್ಲಾ ಕೊಂಡಿದ್ದೇನೆ, 1,60,000 ಕಿ.ಮೀ. ಓಡಿದೆ. ಕಾರಿನ ಪುಸ್ತಕದಲ್ಲಿ 0ಡಬ್ಲ್ಯೂ-20 ಎಂದಿದೆ. ಹಿಂದಿನ ಮಾಲೀಕರು ಒಳಗೆ ಅಂಟಿಸಿದ ಚೀಟಿಯಲ್ಲಿ 10ಡಬ್ಲ್ಯೂ-30. ಊರಲ್ಲಿ ಅಪ್ಪ 30 ವರ್ಷ ಅಂಬಾಸಿಡರ್, ಟೆಂಪೊ ಓಡಿಸಿದವರು. "ನೀರಿನಂಥ ಆಯಿಲ್ ಹಾಕಿಸಬೇಡ ಕಣಮ್ಮ, ಎಂಜಿನ್ ಸವೆದು ಹೋಗುತ್ತೆ, 20ಡಬ್ಲ್ಯೂ-50 ಹಾಕ್ಸು" ಅಂತಾರೆ. ಅಪ್ಪನ ಮಾತು ತೆಗೆದುಹಾಕೋಕೂ ಮನಸ್ಸಿಲ್ಲ. ಬೆಳಿಗ್ಗೆ 7ಕ್ಕೆ ಪಾಳಿ, ಕಾರು ರಾತ್ರಿಯೆಲ್ಲ ಬೀದಿಯಲ್ಲೇ ನಿಲ್ಲುತ್ತೆ. ಏನು ಮಾಡಲಿ?

ವಿನಿಪೆಗ್‌ನಿಂದ, ಇಲ್ಲಿ 11ನೇ ಚಳಿಗಾಲ

ತಂಗೀ, ಪುಸ್ತಕದಲ್ಲಿರುವುದನ್ನೇ ಹಾಕಿಸಿ. ಮೊದಲ ಹಿಮ ಬೀಳೋದಕ್ಕೆ ಮುಂಚೆ ಹಾಕಿಸಿ. ಕಾರಣ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಈ ತಪ್ಪಿಗೆ ನಾನು ಒಂದು ಎಂಜಿನ್ ಕಳಕೊಂಡವನು.

ಡಬ್ಲ್ಯೂ ಅಂದರೆ ವಿಂಟರ್. ಅದಕ್ಕೆ ಮೊದಲು ಬರುವ ಅಂಕಿ ಚಳಿಯದ್ದು, ಆಮೇಲೆ ಬರುವುದು ಎಂಜಿನ್ ಕಾದ ಮೇಲಿನದು. ಚಳಿಯ ಅಂಕಿಗೆ ಎರಡು ಪರೀಕ್ಷೆ ಇದೆ. ಒಂದು, ಸ್ಟಾರ್ಟರ್ ಎಂಜಿನನ್ನು ತಿರುಗಿಸಬಲ್ಲಷ್ಟು ಆಯಿಲ್ ಸಡಿಲವಾಗಿದೆಯೇ. ಇನ್ನೊಂದು, ಪಂಪು ಅದನ್ನು ಎಳೆದು ಮೇಲೆ ಕಳಿಸಬಲ್ಲುದೇ. 0ಡಬ್ಲ್ಯೂಗೆ ಇವನ್ನು ಮೈನಸ್ 35 ಮತ್ತು ಮೈನಸ್ 40ರಲ್ಲಿ ನೋಡುತ್ತಾರೆ. 5ಡಬ್ಲ್ಯೂಗೆ ಮೈನಸ್ 30 ಮತ್ತು 35. 10ಡಬ್ಲ್ಯೂಗೆ ಮೈನಸ್ 25 ಮತ್ತು 30. ನಿಮ್ಮ ಅಪ್ಪ ಹೇಳುವ 20ಡಬ್ಲ್ಯೂಗೆ ಮೈನಸ್ 15 ಮತ್ತು 20 ಅಷ್ಟೇ. ಎಡ್ಮಂಟನ್‌ನಲ್ಲಿ ಜನವರಿಯ ರಾತ್ರಿ ಅದನ್ನು ದಾಟೋದು ಅಪರೂಪವೇನಲ್ಲ.

ಊರಲ್ಲಿ ಡಿಸೆಂಬರ್ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟ್ಲಿಯಲ್ಲೇ ಹೆಪ್ಪುಗಟ್ಟಿರುತ್ತಲ್ಲ, ಅದನ್ನು ನೆನೆಸಿಕೊಳ್ಳಿ. ಕಚ್ಚಾ ತೈಲದಿಂದ ಬಂದ ಸಾಮಾನ್ಯ ಆಯಿಲ್‌ನಲ್ಲಿ ಮೇಣದ ಅಂಶ ಉಳಿದಿರುತ್ತೆ. ಚಳಿಗೆ ಅದು ಹರಳುಗಟ್ಟಿ ಆಯಿಲನ್ನು ಹಿಡಿದು ನಿಲ್ಲಿಸುತ್ತೆ.

ಇನ್ನು ನನ್ನ ಕಥೆ. ಬಂದ ಎರಡನೇ ವರ್ಷ, ಹಳೆ ಕಾರು, ಒಳಗೆ 10ಡಬ್ಲ್ಯೂ-30. ಬೆಳಿಗ್ಗೆ ಮೈನಸ್ 34. ಬ್ಯಾಟರಿ ಹೊಸದಿತ್ತು, ಹಾಗಾಗಿ ಎಂಜಿನ್ ನರಳುತ್ತಾ ಸ್ಟಾರ್ಟ್ ಆಯ್ತು. ಕೆಂಪು ಆಯಿಲ್ ದೀಪ ಆರಲಿಲ್ಲ. ಮೇಲಿಂದ ಟಕ್ ಟಕ್ ಸದ್ದು. ಚಳಿಗೆ ಹೀಗೇ ಇರುತ್ತೆ, ಕಾದರೆ ಸರಿಹೋಗುತ್ತೆ ಅಂದುಕೊಂಡು ಆಕ್ಸಿಲರೇಟರ್ ಬೇರೆ ಒತ್ತಿದೆ. ಕೆಳಗೆ ಆಯಿಲ್ ಜೋನಿ ಬೆಲ್ಲದಂತೆ ಕೂತಿತ್ತು, ಪಂಪು ಗಾಳಿ ಎಳೆಯುತ್ತಿತ್ತು, ಬೇರಿಂಗ್‌ಗಳು ಒಣಗಿಯೇ ಓಡಿದವು. ಆ ಚಳಿಗಾಲ ಮುಗಿಯೋದರೊಳಗೆ ಎಂಜಿನ್ ಬಡಿಯೋಕೆ ಶುರುವಾಯ್ತು, ಕಾರನ್ನು ಗುಜರಿಗೆ ಕೊಟ್ಟೆ. ಸ್ಟಾರ್ಟ್ ಆಗದಿದ್ದರೆ ಒಂದು ದಿನದ ಸಂಬಳ ಹೋಗ್ತಿತ್ತು, ಸ್ಟಾರ್ಟ್ ಆಗಿದ್ದಕ್ಕೆ ಎಂಜಿನ್ನೇ ಹೋಯ್ತು. ಅದಕ್ಕೇ ಹೇಳೋದು: ಸ್ಟಾರ್ಟ್ ಆದ ಕೆಲವು ಸೆಕೆಂಡಿನಲ್ಲಿ ಆ ದೀಪ ಆರದಿದ್ದರೆ ಕೂಡಲೇ ಆಫ್ ಮಾಡಿ.

ಹುಬ್ಬಳ್ಳಿಯಿಂದ, ಗ್ಯಾರೇಜ್ ಇಟ್ಕೊಂಡವ

ಅಕ್ಕಾರ, ನಿಮ್ಮ ಅಪ್ಪಾರು ಹೇಳಿದ್ದು ತಪ್ಪಲ್ರಿ, ಆದ್ರ ಅದು ದಾವಣಗೆರಿಗೆ ಸರಿ. ಅಂಬಾಸಿಡರ್ ಎಂಜಿನ್ನಾಗ ಸಂದು ದೊಡ್ಡವು, ಬ್ಯಾಸಗ್ಯಾಗ ಬಿಸಿಲು 40ರ ಹತ್ತಿರ ಹೋಗತೈತಿ, ಮ್ಯಾಲೆ ಲೋಡು. ಅಲ್ಲಿ ಗಟ್ಟಿ ಆಯಿಲ್ ಬೇಕಾ. ನಮ್ಮ ಕಡೆ ಚಳಿ ಅಂದ್ರ 12-13 ಡಿಗ್ರಿ, 20ಡಬ್ಲ್ಯೂಗೆ ಅದೇನೂ ತ್ರಾಸಿಲ್ಲ.

ಈಗಿನ ಎಂಜಿನ್ ಬ್ಯಾರೆ ಅದಾವ. ಬೇರಿಂಗ್ ಸಂದು ಸಣ್ಣವು, ವಾಲ್ವಿನ ಟೈಮಿಂಗ್ ಬದಲ್ ಮಾಡೋದೂ ಆಯಿಲ್ ಒತ್ತಡದ ಮ್ಯಾಲೆ ನಡೀತೈತಿ. ಅದಕ್ಕ 50 ಹಾಕಿದ್ರ ಕಾದ ಮ್ಯಾಲೂ ಆಯಿಲ್ ಬೇಕಾದ್ದಕ್ಕಿಂತ ಎರಡು ಪಟ್ಟು ದಪ್ಪ ಇರತೈತಿ. ಅಪ್ಪಾರಿಗೆ ಹಿಂಗ ಹೇಳ್ರಿ: 0ಡಬ್ಲ್ಯೂ ಅಂದ್ರ ಆಯಿಲ್ ನೀರು ಅಂತ ಅಲ್ಲ. ಮೈನಸ್ 35ಕ್ಕ ಅದೂ ಜೇನುತುಪ್ಪದಷ್ಟು ದಪ್ಪ ಆಗೇ ಆಗತೈತಿ, ಆದ್ರ ಹರಿಯೂದು ನಿಲ್ಲಂಗಿಲ್ಲ.

ಇನ್ನೊಂದು ಮಾತು. ಬಾಟ್ಲಿ ಮ್ಯಾಲೆ ಎಪಿಐ ಎಸ್‌ಪಿ ಅಂತ ಗುಣಮಟ್ಟದ ಗುರುತು ಐತೇನು ನೋಡ್ರಿ, 2020ರಾಗ ಬಂದದ್ದು. ಅದಿದ್ರ ಕಂಪನಿ ಯಾವ್ದಾದ್ರೂ ನಡೀತೈತಿ.

ಮಡಿಕೇರಿಯಿಂದ, ನಿವೃತ್ತ ಸೇನಾ ಚಾಲಕ

ಮಗಳೇ, ನಾನು ಕೆನಡಾ ನೋಡಿಲ್ಲ, ಲಡಾಖ್‌ನ ದ್ರಾಸ್ ನೋಡಿದ್ದೇನೆ. 1990ರ ದಶಕದಲ್ಲಿ ಅಲ್ಲಿ ಎರಡು ಚಳಿಗಾಲ ಡೀಸೆಲ್ ಲಾರಿ ಓಡಿಸಿದೆ. ರಾತ್ರಿ ಎರಡೆರಡು ಗಂಟೆಗೊಮ್ಮೆ ಎದ್ದು ಎಂಜಿನ್ ಶುರು ಮಾಡಿ ಮತ್ತೆ ಮಲಗುತ್ತಿದ್ದೆವು. ತಪ್ಪಿದರೆ ಬೆಳಿಗ್ಗೆ ಎಂಜಿನ್ನಿನ ಆಯಿಲ್ ಚೇಂಬರ್ ಕೆಳಗೆ ಸ್ಟವ್ ಹಚ್ಚಿಡಬೇಕಿತ್ತು. ಒಮ್ಮೆ ಲಾರಿಯ ವೈರಿಂಗ್‌ಗೆ ಬೆಂಕಿ ಹತ್ತಿ, ಹಿಮವನ್ನೇ ಬೊಗಸೆಯಲ್ಲಿ ಎತ್ತಿ ಹಾಕಿ ಆರಿಸಿದೆವು. ಯಾರು ಹೇಳಿದರೂ ಬೆಂಕಿಯ ದಾರಿ ಹಿಡಿಯಬೇಡಿ.

ಇದನ್ನು ಓದುವ ಡೀಸೆಲ್ ಗಾಡಿಯವರಿಗೆ ಒಂದು ಮಾತು: ಆಯಿಲ್ ಎಷ್ಟು ಒಳ್ಳೆಯದಿದ್ದರೂ ಟ್ಯಾಂಕಿನ ಡೀಸೆಲ್ ಮೇಣಗಟ್ಟಿದರೆ ಗಾಡಿ ನಿಂತಂತೆಯೇ. ಲಡಾಖ್‌ಗೆಂದು ಇಂಡಿಯನ್ ಆಯಿಲ್‌ನವರು ಮೈನಸ್ 33ರವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದದ್ದು 2019ರ ನವೆಂಬರಿನಲ್ಲಿ. ನಮ್ಮ ಕಾಲದಲ್ಲಿ ಅದಿದ್ದಿದ್ದರೆ ಎಷ್ಟು ರಾತ್ರಿ ನಿದ್ದೆ ಮಾಡುತ್ತಿದ್ದೆವೋ.

ಮಿನಿಯಾಪೊಲಿಸ್‌ನಿಂದ

ಹಾಯ್, ನಂದು ಬೇರೆ ತೊಂದರೆ. ಮಗಳನ್ನು ಶಾಲೆಗೆ ಬಿಡೋದು 3 ಕಿ.ಮೀ., ವಾಪಸ್ 3 ಕಿ.ಮೀ. ಕಾರು ಅದಕ್ಕಿಂತ ದೂರ ಹೋಗ್ತಾನೇ ಇರಲಿಲ್ಲ. ಜನವರಿಯಲ್ಲಿ ಆಯಿಲ್ ತುಂಬೋ ಮುಚ್ಚಳ ತೆಗೆದು ನೋಡಿದರೆ ಒಳಗೆ ಹಾಲಿನ ಕೆನೆಯಂಥದ್ದು ಅಂಟಿಕೊಂಡಿತ್ತು. ಎಂಜಿನ್ ತಂಪು ಮಾಡೋ ದ್ರವ (ಕೂಲಂಟ್) ಆಯಿಲ್‌ಗೆ ಸೇರಿದೆ, ಎಂಜಿನ್ ಬಿಚ್ಚಬೇಕು ಅಂತ ಒಂದು ಗ್ಯಾರೇಜಿನವರು ಹೆದರಿಸಿದರು. ಆದರೆ ಕೂಲಂಟ್ ಮಟ್ಟ ಒಂದು ಗೆರೆಯೂ ಇಳಿದಿರಲಿಲ್ಲ. ಅದು ಬರೀ ಒಳಗಿನ ತೇವ. ಎಂಜಿನ್ ಪೂರ್ತಿ ಕಾಯದೆ ನೀರು ಆವಿಯಾಗಿ ಹೋಗೋದಿಲ್ಲ. ಸುಡದ ಪೆಟ್ರೋಲೂ ಸ್ವಲ್ಪ ಆಯಿಲ್‌ಗೆ ಇಳಿಯುತ್ತೆ. ಈಗ ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ ಓಡಿಸ್ತೀನಿ, ಆಯಿಲನ್ನು ಪುಸ್ತಕದ "ಕಠಿಣ ಬಳಕೆ"ಯ ಲೆಕ್ಕಕ್ಕೆ ಬೇಗ ಬದಲಿಸ್ತೀನಿ. ಆಯಿಲ್ ಅಳೆಯೋ ಕಡ್ಡಿಯಲ್ಲಿ (ಡಿಪ್‌ಸ್ಟಿಕ್) ಮಟ್ಟ ತಾನಾಗೇ ಏರಿದ್ದರೆ, ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ಬದಲಿಸೋಕೆ ತಡಮಾಡಬೇಡಿ.

ಕ್ಯಾಲ್ಗರಿಯಿಂದ

ಮೇಡಂ, ಬಾನೆಟ್ ತೆಗೆದು ಬ್ಲಾಕ್ ಹೀಟರ್ (ಕರೆಂಟಿನಿಂದ ಎಂಜಿನ್ ಬೆಚ್ಚಗಿಡೋ ಸಾಧನ) ಇದೆಯಾ ನೋಡಿ. ಇದ್ದರೆ ಮುಂದೆ ಗ್ರಿಲ್ ಬಳಿ ಒಂದು ಪ್ಲಗ್ ಇರುತ್ತೆ. ಪ್ಲಗ್ ಇದ್ದ ಮಾತ್ರಕ್ಕೆ ಹೀಟರ್ ಕೆಲಸ ಮಾಡುತ್ತೆ ಅಂತಲ್ಲ, ಹಾಕಿ ಕಿವಿಗೊಟ್ಟರೆ ನೀರು ಕಾಯೋ ಸಣ್ಣ ಸದ್ದು ಬರಬೇಕು. ಮೈನಸ್ 15 ದಾಟಿದರೆ ಹಾಕಿ. ರಾತ್ರಿಯೆಲ್ಲ ಬೇಡ, ಟೈಮರ್ ಇಟ್ಟು ಹೊರಡೋಕೆ 3-4 ಗಂಟೆ ಮುಂಚೆ ಸಾಕು.

ಹೀಟರ್ ಇದೆ ಅಂತ ಆಯಿಲ್‌ನಲ್ಲಿ ರಾಜಿ ಮಾಡ್ಕೋಬೇಡಿ. 2024ರ ಜನವರಿ 13ರ ಸಂಜೆ ನಮ್ಮ ಇಡೀ ಆಲ್ಬರ್ಟಾ ಪ್ರಾಂತ್ಯದಲ್ಲಿ ಫೋನುಗಳು ಒಟ್ಟಿಗೆ ಕಿರುಚಿದವು: ವಿದ್ಯುತ್ ಸಾಲ್ತಿಲ್ಲ, ಅಗತ್ಯವಿಲ್ಲದ್ದೆಲ್ಲ ಆರಿಸಿ ಅಂತ. ನಾವೂ ಕಾರಿನ ಪ್ಲಗ್ ಕಿತ್ತೆವು. ಬೆಳಿಗ್ಗೆ 0ಡಬ್ಲ್ಯೂ ಹಾಕಿದ್ದ ನನ್ನ ಕಾರು ಎರಡನೇ ಸಲಕ್ಕೆ ಎದ್ದಿತು.

ಬ್ಯಾಟರಿಯನ್ನೂ ಪರೀಕ್ಷೆ ಮಾಡಿಸಿ. ಅದರ ಮೇಲೆ ಬರೆದ ಸಿಸಿಎ ಅಂಕಿ, ಅಂದರೆ ಚಳಿಯಲ್ಲಿ ಸ್ಟಾರ್ಟ್ ಮಾಡೋಕೆ ಅದು ಕೊಡಬಲ್ಲ ಕರೆಂಟು, ಮೈನಸ್ 18ರ ಲೆಕ್ಕದ್ದು. ಅದರ ಕೆಳಗೆ ಬ್ಯಾಟರಿಯ ಕಸುವು ಇನ್ನೂ ಇಳಿಯುತ್ತಾ ಹೋಗುತ್ತೆ, ಎಂಜಿನ್ ತಿರುಗಿಸೋಕೆ ಬೇಕಾದ ಬಲ ಏರುತ್ತಾ ಹೋಗುತ್ತೆ.

ಎಡ್ಮಂಟನ್‌ನಿಂದ, ಪ್ರಶ್ನೆ ಕೇಳಿದವಳು

ಎಲ್ಲರಿಗೂ ತುಂಬಾ ಧನ್ಯವಾದ. ಶನಿವಾರ 0ಡಬ್ಲ್ಯೂ-20 ಹಾಕಿಸಿದೆ. ಹುಬ್ಬಳ್ಳಿಯ ಅಣ್ಣ ಹೇಳಿದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ಆಯಿಲ್ ದೀಪ ಆರುತ್ತಾ ನೋಡ್ಕೊಂಡು ಹೊರಡಮ್ಮ" ಅಂದರು. ಹೀಟರ್ ಇದೆ, ಸದ್ದೂ ಬರುತ್ತೆ. ಬ್ಯಾಟರಿ ಬದಲಿಸಬೇಕು ಅಂತ ಗ್ಯಾರೇಜಿನವರು ಅಂದರು, ಬದಲಿಸಿದೆ.

ಒಂದೇ ಒಂದು ಉಳಿದಿದೆ. ಆಸ್ಪತ್ರೆ ಅಂಗಳದಲ್ಲಿ ಕಾರು 12 ಗಂಟೆ ನಿಲ್ಲುತ್ತೆ, ಅಲ್ಲಿ ಪ್ಲಗ್ ಇಲ್ಲ.

ವಿನಿಪೆಗ್‌ನಿಂದ

ನಿಮ್ಮ 0ಡಬ್ಲ್ಯೂ ನಿಜವಾಗಿ ದುಡಿಯೋದು ಅಲ್ಲೇ ತಂಗೀ, ಹೀಟರ್ ಇಲ್ಲದ ಸಂಜೆ ಏಳು ಗಂಟೆಗೆ. ಗಾಳಿ ಬೀಸದ ಕಡೆ, ಗೋಡೆ ಮರೆಗೆ ನಿಲ್ಲಿಸಿ. ಗಾಳಿ ಕಾರನ್ನು ಹೊರಗಿನ ತಾಪಕ್ಕಿಂತ ಕೆಳಗೆ ಇಳಿಸೋದಿಲ್ಲ, ಆದರೆ ಅಷ್ಟಕ್ಕೆ ಬೇಗ ಇಳಿಸುತ್ತೆ. ಮೈನಸ್ 35 ದಾಟೋ ದಿನ ಊಟದ ಬಿಡುವಲ್ಲಿ ಒಮ್ಮೆ ಹೊರಗೆ ಬಂದು ಕಾರನ್ನು 20 ನಿಮಿಷ ಓಡಿಸಿ ಬನ್ನಿ. ಸ್ಟಾರ್ಟ್ ಮಾಡುವಾಗ ಲೈಟು, ಹೀಟರ್ ಫ್ಯಾನು ಎಲ್ಲ ಆಫ್ ಇರಲಿ, ಬ್ಯಾಟರಿ ಪೂರ್ತಿ ಸ್ಟಾರ್ಟರ್‌ಗೇ ಸಿಗಲಿ. ಎಕ್ಸಾಸ್ಟ್ ಪೈಪಿನ ಬಾಯಿಗೆ ಹಿಮ ತುಂಬಿದ್ದರೆ ಮೊದಲು ಅದನ್ನು ತೆಗೆಯಿರಿ, ಇಲ್ಲದಿದ್ದರೆ ವಿಷಗಾಳಿ ಒಳಗೆ ಬರುತ್ತೆ. ಸ್ಟಾರ್ಟ್ ಆದ ಮೇಲೆ ಗಾಜಿನ ಹಿಮ ಕೆರೆಯೋಷ್ಟು ಹೊತ್ತು ಬಿಡಿ, ಆಮೇಲೆ ಮೊದಲ ಐದಾರು ಕಿ.ಮೀ. ಮೆಲ್ಲಗೆ ಹೋಗಿ. ನಿಂತಲ್ಲೇ ಅರ್ಧ ಗಂಟೆ ಉರಿಸಿದರೆ ಎಂಜಿನ್ ಕಾಯೋದು ನಿಧಾನ, ಮಿನಿಯಾಪೊಲಿಸ್‌ನವರು ಹೇಳಿದ ಕೆನೆ ಮಾತ್ರ ಬೇಗ ಬರುತ್ತೆ.