ಕಪ್ಪು ಹುಡುಗಿಯರ ಬಾಲ್ಯದ ಫೋಟೊ, ಕ್ಯಾಸೆಟ್, ಹಗ್ಗದಾಟ ಉಳಿಸೋದು ಹೇಗೆ? ಗೊತ್ತಿರೋರು ಹೇಳಿ

ಪ್ರಶ್ನೆ: ಅಟ್ಲಾಂಟಾದ ಬಡಾವಣೆ ಲೈಬ್ರರಿಯೊಂದರಲ್ಲಿ ಸ್ವಯಂಸೇವಕಿ. ಕಪ್ಪು ಜನಾಂಗದ ಹಿರಿಯ ಹೆಂಗಸರು ತಮ್ಮ ಬಾಲ್ಯದ ಫೋಟೊ (1950ರಿಂದ 80ರವರೆಗೆ, ಸುಮಾರು 200), 11 ಕ್ಯಾಸೆಟ್ ಕೊಟ್ಟಿದ್ದಾರೆ. ಕಾಪಾಡಬೇಕು, ಪ್ರದರ್ಶನವನ್ನೂ ಮಾಡಬೇಕು. ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಇದೆ, ದುಡ್ಡು ಕಮ್ಮಿ.

ಹಳೇಆಲ್ಬಂ: ಮೊದಲು ಸ್ಕ್ಯಾನರಿನಲ್ಲಿ ‘ಆಟೊ’ ಅಂತಿರೋದನ್ನೆಲ್ಲ ಆಫ್ ಮಾಡಿ ಮೇಡಂ. ಅದು ಬಿಳಿ ಫ್ರಾಕ್ ನೋಡಿ ಬೆಳಕಿನ ಲೆಕ್ಕ ಹಾಕುತ್ತೆ, ಮುಖ ಮಸಿ ಮುದ್ದೆಯಾಗುತ್ತೆ. ತಪ್ಪು ಸ್ಕ್ಯಾನರಿನದ್ದೊಂದೇ ಅಲ್ಲ. ಆ ಕಾಲದ ಕಲರ್ ಲ್ಯಾಬುಗಳು ಬಣ್ಣ ಹೊಂದಿಸುತ್ತಿದ್ದದ್ದು ಕೊಡಾಕ್‌ನ ‘ಶರ್ಲಿ ಕಾರ್ಡ್’ ಎಂಬ ಬಿಳಿ ಹೆಂಗಸಿನ ಚಿತ್ರ ಇಟ್ಟುಕೊಂಡು. ಹಾಗಾಗಿ ಎರಡೂ ಬಣ್ಣದ ಮಕ್ಕಳು ಒಟ್ಟಿಗೆ ನಿಂತ ಕ್ಲಾಸ್ ಫೋಟೊದಲ್ಲಿ ಕಪ್ಪು ಹುಡುಗಿಯ ಮುಖಲಕ್ಷಣ ಪ್ರಿಂಟಿನಲ್ಲೇ ಅರ್ಧ ಮುಳುಗಿರುತ್ತೆ. ಉಳಿದರ್ಧವನ್ನು ನೀವು ಕಳೆಯಬಾರದು, ಅಷ್ಟೆ.

48 ಬಿಟ್ ಕಲರ್ (ಬಣ್ಣದ ಛಾಯೆ ಹೆಚ್ಚು ಹಿಡಿಯುತ್ತೆ), 600 ಡಿಪಿಐ (ಇಂಚಿಗೆ 600 ಚುಕ್ಕೆ), ಗುಣಮಟ್ಟ ಕುಗ್ಗಿಸದ ಟಿಫ್ ಫೈಲ್. 4×6 ಇಂಚಿನದ್ದಕ್ಕೆ 52 ಎಂಬಿ ಹತ್ತಿರ, 200 ಫೋಟೊಗೆ 10 ಜಿಬಿ ಚಿಲ್ಲರೆ. ಪರ್ಸಿನಲ್ಲಿಡುವ ಪುಟ್ಟ ಸ್ಕೂಲ್ ಫೋಟೊಗೆ 1200 ಡಿಪಿಐ. ನೆರಳು ಎತ್ತೋದು, ಬಣ್ಣ ತಿದ್ದೋದು ನಕಲಿನ ಮೇಲೆ ಮಾತ್ರ. 24 ಬಿಟ್ಟಿನಲ್ಲಿ ಸ್ಕ್ಯಾನ್ ಮಾಡಿ ನೆರಳು ಎತ್ತಿದರೆ ಕೆನ್ನೆ ಮೇಲೆ ಪಟ್ಟೆ ಪಟ್ಟೆ ಏಳುತ್ತೆ.

ಅಂಟುಪುಟದ ಆಲ್ಬಂ ಇದ್ದರೆ ಪುಟ ಪೂರ್ತಿ ಸ್ಕ್ಯಾನ್ ಆದ ಮೇಲೇ ಬಿಡಿಸಿ. ಯಾರ ಪಕ್ಕ ಯಾರನ್ನು ಅಂಟಿಸಿದ್ದರು ಅನ್ನೋದೂ ಮಾಹಿತಿಯೇ. ಮೇಣವಿಲ್ಲದ ಡೆಂಟಲ್ ಫ್ಲಾಸನ್ನು ಮೂಲೆಯಿಂದ ಗರಗಸದ ಹಾಗೆ ಮೆಲ್ಲಗೆ ಎಳೆಯಿರಿ. ಬಾರದಿದ್ದರೆ ಹಟ ಮಾಡಬೇಡಿ, ಪುಟದ ಸಮೇತ ಇಡಿ. ಹಿಂಬದಿ ಬಾಲ್‌ಪೆನ್ ಬೇಡ, ಒತ್ತು ಮುಂದಕ್ಕೆ ಮೂಡುತ್ತೆ. ಪ್ರದರ್ಶನಕ್ಕೆ ಪ್ರಿಂಟ್ ತೂಗುಹಾಕಿ, ಮೂಲ ಪೆಟ್ಟಿಗೆಯಲ್ಲೇ ಇರಲಿ. ಅಟ್ಟ, ನೆಲಮಾಳಿಗೆ ಎರಡೂ ಬೇಡ.

ಟೇಪುಪೆಟ್ಟಿಗೆ: ಕ್ಯಾಸೆಟ್ ಪ್ಲೇ ಮಾಡೋ ಮುಂಚೆ ಮೇಲಂಚಿನ ಎರಡು ಪ್ಲಾಸ್ಟಿಕ್ ಚಕ್ಕೆ ಮುರಿದು ಹಾಕಿ. ಇಲ್ಲದಿದ್ದರೆ ಒಂದು ತಪ್ಪು ಗುಂಡಿ ಒತ್ತಿದರೆ ಅಜ್ಜಿ ಹಾಡಿನ ಮೇಲೆ ನಿಮ್ಮ ಕೆಮ್ಮು. ಕೊನೆವರೆಗೂ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ, ಬಿಗಿ ಸಮವಾಗುತ್ತೆ. ಟೇಪನ್ನು ಪ್ಲೇಯರಿನ ಹೆಡ್ಡಿಗೆ (ಟೇಪು ಓದುವ ಭಾಗಕ್ಕೆ) ಒತ್ತುವ ಒಳಗಿನ ಒತ್ತುಪ್ಯಾಡ್ ಉದುರಿದ್ದರೆ ದನಿ ಮಂಕು. ಸ್ಕ್ರೂ ಇರುವ ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಟೇಪು ವರ್ಗಾಯಿಸಿ. ಪ್ರತಿ ಕ್ಯಾಸೆಟ್ಟಿಗೂ ಮುಂಚೆ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಕಂಪ್ಯೂಟರಿಗೆ ಇಳಿಸುವಾಗ 24 ಬಿಟ್, 96 ಕಿಲೊಹರ್ಟ್ಸ್, ಕುಗ್ಗಿಸದ ವೇವ್ ಫೈಲ್. ಸ್ಟೀರಿಯೊ ಗಂಟೆಗೆ 2 ಜಿಬಿ. ಮೂರು ಪ್ರತಿ, ಎರಡು ಬೇರೆ ಬಗೆಯ ಡಿಸ್ಕು, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಬರಹಕ್ಕಿಳಿಸುವಾಗ ಕೇಳಿದ ಉಚ್ಚಾರವನ್ನೇ ಬರೆಯಿರಿ.

ದಫ್ತರ: ಕೊನೆ ಮಾತಿಗೆ ನನ್ನ ತಕರಾರಿದೆ. 1936–38ರಲ್ಲಿ ಸರ್ಕಾರಿ ಯೋಜನೆಯೊಂದು ಗುಲಾಮಗಿರಿ ಕಂಡಿದ್ದ 2,300ಕ್ಕೂ ಹೆಚ್ಚು ಮುದುಕ-ಮುದುಕಿಯರನ್ನು ಮಾತಾಡಿಸಿತು. 1865ರಲ್ಲಿ ಬಿಡುಗಡೆಯಾದಾಗ ಬಹಳಷ್ಟು ಮಂದಿ ಮಕ್ಕಳು, ಹಾಗಾಗಿ ಅವರ ಬಾಲ್ಯದ ದೊಡ್ಡ ಕಣಜ ಅದು. ಬರೆದುಕೊಂಡವರು ಹೆಚ್ಚಾಗಿ ಬಿಳಿಯರು. ಕಾಗುಣಿತ ತಿರುಚಿ ತಿರುಚಿ ಮಾತನ್ನು ನಗೆಪಾಟಲು ಮಾಡಿಟ್ಟರು. ಪದ, ವ್ಯಾಕರಣ, ವಾಕ್ಯದ ಲಯ ಅವರದ್ದೇ ಇರಲಿ, ಕಾಗುಣಿತ ಮಾಮೂಲಿ ಇರಲಿ. ಕಚೇರಿ ಇಂಗ್ಲಿಷಿಗೆ ತಿದ್ದೋದೂ ಅಷ್ಟೇ ಹಾಳು.

ಹೆಸರಿನ ವಿಷಯದಲ್ಲಿ ಸೋಮಾರಿತನ ಬೇಡ. 1850, 1860ರ ಜನಗಣತಿಯ ಗುಲಾಮರ ಪಟ್ಟಿಯಲ್ಲಿ ಹುಡುಗಿ ಅಂದರೆ ಸಾಮಾನ್ಯವಾಗಿ ಒಡೆಯನ ಹೆಸರಿನ ಕೆಳಗೊಂದು ಸಾಲು: ವಯಸ್ಸು 8, ಹೆಣ್ಣು, ಕಪ್ಪು. ಹೆಸರೇ ಇಲ್ಲ. ಬಿಡುಗಡೆಯಾದವರೆಲ್ಲ ಹೆಸರಿನಿಂದ ಜನಗಣತಿಗೆ ಬಂದದ್ದು 1870ರಲ್ಲಿ. ಅವರ ಮನೆತನದ ಜಾಡು ಬೇಕಿದ್ದರೆ ಬಿಡುಗಡೆಯಾದವರಿಗೆಂದು ಇದ್ದ ಫ್ರೀಡ್‌ಮನ್ಸ್ ಬ್ಯಾಂಕಿನ (1865–74) ಖಾತೆ ಪುಸ್ತಕ ನೋಡಿ, ಅಪ್ಪ-ಅಮ್ಮ, ಒಡಹುಟ್ಟಿದವರ ಹೆಸರು ಸಿಗುತ್ತೆ. ಅದಕ್ಕೇ ‘ಕಪ್ಪು ಬಾಲಕಿ, ಅಟ್ಲಾಂಟಾ’ ಅನ್ನೋ ಶೀರ್ಷಿಕೆ ನೀವು ಬರೆಯಲೇಬಾರದು. ಫೋಟೊ ಕೊಟ್ಟವರ ಎದುರೇ ಕೂತು ಕೇಳಿ: ಜಡೆ ಹಾಕಿದ್ದು ಯಾರು, ಕೂದಲು ನೇರ ಮಾಡಿದ್ದು ಒಲೆ ಮೇಲೆ ಕಾಯಿಸಿದ ಬಾಚಣಿಗೆಯಿಂದಲೋ, ಈಸ್ಟರ್ ಫ್ರಾಕ್ ಹೊಲಿದದ್ದು ಯಾರು, ಕ್ಯಾಮೆರಾ ಹಿಡಿದಿದ್ದು ಯಾರು.

ಅವರನ್ನು ಬರೀ ಮೊದಲ ಹೆಸರಿನಿಂದ ಕರೆಯಬೇಡಿ, ಮಿಸ್, ಮಿಸೆಸ್ ಇರಲಿ. ಅಮೆರಿಕದ ದಕ್ಷಿಣ ರಾಜ್ಯಗಳ ಕೋರ್ಟುಗಳಲ್ಲೂ ಆಗ ಕಪ್ಪು ಹೆಂಗಸಿಗೆ ಆ ಮರ್ಯಾದೆ ಇರಲಿಲ್ಲ. ಅಲಬಾಮಾದಲ್ಲಿ ‘ಮೇರಿ’ ಎಂದದ್ದಕ್ಕೆ ಉತ್ತರಿಸಲ್ಲ ಎಂದ ಮೇರಿ ಹ್ಯಾಮಿಲ್ಟನ್ ಪರ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 1964ರಲ್ಲಿ.

ಸ್ಟುಡಿಯೊ ಫೋಟೊದ ಹಕ್ಕು ಕೊಟ್ಟವರದ್ದೇ ಅಂತ ಅಂದುಕೊಳ್ಳಬೇಡಿ, ತೆಗೆದವರದ್ದೂ ಇರಬಹುದು. ಗೋಡೆ ತುಂಬಿಸಲು ನಿರಾತಂಕವಾದದ್ದು ಬೇಕೇ? ಕಪ್ಪು ಜನಾಂಗದ ಚಿಂತಕ ಡು ಬೋಯ್ಸ್ ಅವರ ಬಳಗ 1920–21ರಲ್ಲಿ ಕಪ್ಪು ಮಕ್ಕಳಿಗೆಂದೇ ತಂದ ಮಾಸಿಕ ‘ದ ಬ್ರೌನೀಸ್ ಬುಕ್’ ಹಕ್ಕುಮುಕ್ತ. ಮಕ್ಕಳ ಪತ್ರಗಳೂ ಇವೆ ಅದರಲ್ಲಿ.

ಟೇಪುಪೆಟ್ಟಿಗೆ: ಕಾಗುಣಿತದ ಮಾತು ಒಪ್ಪಿದೆ. ಹಗ್ಗದಾಟದ ಬಗ್ಗೆ ಯಾರೂ ಹೇಳಲಿಲ್ಲ. ಡಬಲ್ ಡಚ್ಚಿನಲ್ಲಿ ಎರಡು ಹಗ್ಗ ಎದುರುಬದುರು ತಿರುಗುತ್ತವೆ. ಹಾಡಿನ ಸಾಲಷ್ಟೇ ಬರೆದಿಟ್ಟರೆ ಅರ್ಧ ಆಟ ಹೋಯ್ತು, ತಾಳ ಇರೋದು ಪಾದ ಮತ್ತು ಹಗ್ಗದ ಸದ್ದಿನ ನಡುವೆ. ಹಿರಿಯರು ಜಿಗಿಯಬೇಕಿಲ್ಲ, ಹಗ್ಗ ತಿರುಗಿಸಿ ಹಾಡಲಿ, ಮೊಮ್ಮಕ್ಕಳು ಜಿಗಿಯಲಿ. ಒಂದು ಕ್ಯಾಮೆರಾ ಮೊಣಕಾಲೆತ್ತರದಲ್ಲಿ, ಸೆಕೆಂಡಿಗೆ 60 ಫ್ರೇಮು. ಮೈಕು ಹಾಡುವವರ ಕೊರಳಪಟ್ಟಿಗೆ. ಆಡೋದು ಸಿಮೆಂಟ್ ನೆಲದ ಮೇಲೇ ಇರಲಿ, ಹುಲ್ಲಿನ ಮೇಲೆ ಹಗ್ಗದ ಟಪ್ ಟಪ್ ಕೇಳಲ್ಲ.