ನಿಂತಾಗ ಹೀಟರ್‌ನಿಂದ ತಣ್ಣನೆ ಗಾಳಿ, ಓಡುವಾಗ ಸ್ವಲ್ಪ ಬೆಚ್ಚಗೆ: ಎಲ್ಲಿಂದ ಹುಡುಕಬೇಕು?

ಪ್ರಶ್ನೆ

ಒಂಬತ್ತು ವರ್ಷದ ಪೆಟ್ರೋಲ್ ಕಾರು, 1.2 ಲೀಟರ್ ಎಂಜಿನ್. ಎರಡು ವಾರದಿಂದ ಹೀಟರ್ ಸರಿಯಿಲ್ಲ. ಗಾಡಿ ನಿಂತು ಐಡ್ಲಿಂಗ್‌ನಲ್ಲಿದ್ದರೆ ತಣ್ಣನೆ ಗಾಳಿ ಬರುತ್ತದೆ. ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂ ದಾಟಿಸಿದರೆ ಬೆಚ್ಚಗಾಗುತ್ತದೆ, ಕಾಲು ತೆಗೆದರೆ ಮತ್ತೆ ತಣ್ಣಗೆ. ಫ್ಯಾನು ನಾಲ್ಕೂ ಸ್ಪೀಡಿನಲ್ಲಿ ಚೆನ್ನಾಗಿ ಬೀಸುತ್ತದೆ. ಟೆಂಪರೇಚರ್ ಮುಳ್ಳು ಎಂದಿನಂತೆ ಮಧ್ಯದಲ್ಲೇ ಇದೆ. ಸ್ಟಾರ್ಟ್ ಮಾಡಿದ ಹೊಸದರಲ್ಲಿ ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು. ರೇಡಿಯೇಟರ್ ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಎರಡು ಗೆರೆಗಳ ನಡುವೆಯೇ ಇದೆ. ಹೀಟರ್ ಕೋರ್ (ಒಳಗಿನ ಗಾಳಿ ಬಿಸಿ ಮಾಡುವ ಪುಟ್ಟ ರೇಡಿಯೇಟರ್) ಬದಲಿಸಬೇಕು, ಅದಕ್ಕೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಅಷ್ಟು ದೊಡ್ಡ ಕೆಲಸಕ್ಕೆ ಇಳಿಯುವ ಮೊದಲು ನಾನೇ ನೋಡಬಹುದಾದದ್ದು ಏನಿದೆ?

ಉತ್ತರ 1

ಡ್ಯಾಶ್‌ಬೋರ್ಡಿಗೆ ಈಗಲೇ ಕೈ ಹಾಕಿಸಬೇಡಿ ಸರ್. ನೀವು ಬರೆದ ಲಕ್ಷಣಗಳೆಲ್ಲ ಕೂಲೆಂಟ್ ಕಡಿಮೆಯಾಗಿರುವುದನ್ನು, ಇಲ್ಲವೇ ಒಳಗೆ ಗಾಳಿ ಸಿಕ್ಕಿಕೊಂಡಿರುವುದನ್ನು ತೋರಿಸುತ್ತವೆ. ಎಂಜಿನ್ನಿನ ಬಿಸಿ ಕೂಲೆಂಟೇ ಹೀಟರ್ ಕೋರ್‌ಗೆ ಬಂದು ಹೋಗಬೇಕು. ಬಹಳ ಗಾಡಿಗಳಲ್ಲಿ ಆ ಕೋರ್ ಎತ್ತರದಲ್ಲಿರುವುದರಿಂದ ಗಾಳಿ ಬಂದು ಕೂರುವುದೂ ಅಲ್ಲೇ. ಐಡ್ಲಿಂಗ್‌ನಲ್ಲಿ ವಾಟರ್ ಪಂಪ್ ನಿಧಾನ, ಆ ಗಾಳಿಯನ್ನು ತಳ್ಳಲಾರದು. ಆರ್‌ಪಿಎಂ ಏರಿದಾಗ ತಳ್ಳುತ್ತದೆ, ಹೀಟರಿನ ಗಾಳಿ ಬೆಚ್ಚಗಾಗುತ್ತದೆ. ಗುಳುಗುಳು ಸದ್ದೂ ಅದರದ್ದೇ.

ಡಬ್ಬಿಯ ಮಟ್ಟ ನೋಡಿ ನಂಬಬೇಡಿ. ರೇಡಿಯೇಟರ್ ಮೇಲೆ ಪ್ರತ್ಯೇಕ ಮುಚ್ಚಳ ಇರುವ ಗಾಡಿಗಳಲ್ಲಿ, ಎಂಜಿನ್ ತಣಿಯುವಾಗ ರೇಡಿಯೇಟರ್ ಡಬ್ಬಿಯಿಂದ ಕೂಲೆಂಟನ್ನು ವಾಪಸ್ ಎಳೆದುಕೊಳ್ಳಬೇಕು. ಮುಚ್ಚಳದ ರಬ್ಬರ್ ಗಟ್ಟಿಯಾಗಿದ್ದರೆ ಕೂಲೆಂಟ್ ಬದಲು ಗಾಳಿ ಒಳಗೆ ಹೋಗುತ್ತದೆ. ಡಬ್ಬಿ ತುಂಬಿದಂತೆಯೇ ಕಾಣುತ್ತದೆ, ರೇಡಿಯೇಟರ್ ಬರಿದಾಗುತ್ತಾ ಹೋಗುತ್ತದೆ. ಮುಳ್ಳಿನದ್ದೂ ಅದೇ ಕತೆ: ಹಲವು ಕಾರುಗಳಲ್ಲಿ ತಾಪಮಾನ ಸಾಕಷ್ಟು ಏರಿಳಿದರೂ ಮುಳ್ಳು ಮಧ್ಯದಿಂದ ಅಲ್ಲಾಡದ ಹಾಗೆ ಮಾಡಿರುತ್ತಾರೆ.

ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲೇ, ಮುಚ್ಚಳ ತೆಗೆದು ನೋಡಿ. ಬಿಸಿ ಎಂಜಿನ್ನಿನಲ್ಲಿ ಎಂದಿಗೂ ತೆಗೆಯಬೇಡಿ. ಒತ್ತಡದಲ್ಲಿ 100 ಡಿಗ್ರಿ ದಾಟಿಯೂ ಕುದಿಯದೆ ನಿಂತ ಕೂಲೆಂಟ್, ಒತ್ತಡ ಇಳಿದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮಟ್ಟ ಕುತ್ತಿಗೆಯವರೆಗೆ ಇಲ್ಲದಿದ್ದರೆ ಕಾರಣ ಅರ್ಧ ಸಿಕ್ಕಿತು.

ತುಂಬಿಸುವಾಗ ಗಾಳಿಯನ್ನೂ ಹೊರಗೆ ಕಳಿಸಬೇಕು. ಮುಂಭಾಗ ಎತ್ತರಕ್ಕೆ ಬರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಅಡ್ಡ ಕಲ್ಲು ಕೊಡಿ. ಹೀಟರ್ ನಾಬ್ ಪೂರ್ತಿ ಬಿಸಿಗೆ, ಫ್ಯಾನು ಒಂದರಲ್ಲಿ. ಮುಚ್ಚಳ ತೆರೆದೇ ಸ್ಟಾರ್ಟ್ ಮಾಡಿ, ಮಟ್ಟ ಇಳಿದಷ್ಟು ಸುರಿಯುತ್ತಾ ಹೋಗಿ. ಕೈಗೆ ದಪ್ಪ ಬಟ್ಟೆ ಸುತ್ತಿ ಮೇಲಿನ ಹೋಸನ್ನು ಆಗಾಗ ಹಿಸುಕಿದರೆ ಗುಳ್ಳೆಗಳು ಏಳುತ್ತವೆ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ತೆರೆದಾಗ ಮಟ್ಟ ಒಮ್ಮೆಲೇ ಕುಸಿಯಬಹುದು, ಗಾಬರಿ ಬೇಡ, ತುಂಬಿಸಿ. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ, ರೇಡಿಯೇಟರ್ ಫ್ಯಾನು ಒಮ್ಮೆ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಲಿ. ಕೆಲವು ಎಂಜಿನ್‌ಗಳಲ್ಲಿ ಗಾಳಿ ಬಿಡಲೆಂದೇ ಒಂದು ಸ್ಕ್ರೂ ಇರುತ್ತದೆ, ಅದಿದ್ದರೆ ಕೆಲಸ ಬೇಗ ಮುಗಿಯುತ್ತದೆ.

ಹಾಕುವುದು ಗಾಡಿಯ ಕೈಪಿಡಿ ಹೇಳಿದ ಜಾತಿಯ ಕೂಲೆಂಟೇ ಆಗಿರಲಿ. ಗಟ್ಟಿ ಕೂಲೆಂಟ್ ಆದರೆ ಡಿಸ್ಟಿಲ್ಡ್ ನೀರಿನೊಂದಿಗೆ ಸಮಪಾಲು. ಬೆರೆಸಿಯೇ ಮಾರುವ ಕೂಲೆಂಟಿಗೆ ನೀರು ಸೇರಿಸಬೇಡಿ. ಬಣ್ಣ ಒಂದೇ ಎಂದು ಬೇರೆ ಜಾತಿಯದ್ದನ್ನು ಸುರಿಯುವುದೂ ಬೇಡ. ಹೊಂದದ ಎರಡು ಸೇರಿದರೆ ಲೋಳೆಗಟ್ಟುತ್ತದೆ, ಆಗ ಕೋರ್ ನಿಜಕ್ಕೂ ಕಟ್ಟಿಕೊಳ್ಳುತ್ತದೆ.

ಉತ್ತರ 2

ಮೇಲಿನದ್ದೆಲ್ಲ ಸರಿ. ಆದರೆ ಯಾವ ಭಾಗ ಬದಲಿಸುವ ಮೊದಲೂ ಹೀಟರಿನ ಎರಡು ಹೋಸ್‌ಗಳನ್ನು ಮುಟ್ಟಿ ನೋಡಲೇಬೇಕು. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆಯೊಳಗೆ ಅಕ್ಕಪಕ್ಕ ಹೋಗುವ ಹೆಬ್ಬೆರಳು ಗಾತ್ರದ ಎರಡು ರಬ್ಬರ್ ಕೊಳವೆಗಳು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಬೆಲ್ಟು ಮತ್ತು ಫ್ಯಾನಿನಿಂದ ಕೈ ದೂರವಿಟ್ಟು ನೋಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು.

ಎರಡೂ ಬಿಸಿ ಇದ್ದು ಗಾಳಿ ಮಾತ್ರ ತಣ್ಣಗಿದ್ದರೆ ಕೂಲೆಂಟಿನ ತಪ್ಪಲ್ಲ, ಡ್ಯಾಶ್‌ಬೋರ್ಡ್ ಒಳಗಿನ ಬ್ಲೆಂಡ್ ಡೋರ್ ನೋಡಿ. ಗಾಳಿಯನ್ನು ಕೋರ್ ಮೇಲೆ ಹಾಯಿಸುವ ಬಾಗಿಲು ಅದು. ಅದರ ಪುಟ್ಟ ಮೋಟಾರಿನ ಪ್ಲಾಸ್ಟಿಕ್ ಹಲ್ಲು ಮುರಿದಿದ್ದರೆ ನಾಬ್ ತಿರುಗಿಸಿದಾಗ ಟಿಕ್ ಟಿಕ್ ಸದ್ದು ಬರುತ್ತದೆ. ಕೇಬಲ್ ಇರುವ ಹಳೆಯ ಗಾಡಿಗಳಲ್ಲಿ ಕೇಬಲ್ ಕಳಚಿರುವುದೇ ಹೆಚ್ಚು.

ಒಂದು ಬಿಸಿ, ಇನ್ನೊಂದು ತಣ್ಣಗೆ ಅಥವಾ ಉಗುರುಬೆಚ್ಚಗೆ ಇದ್ದರೆ ಹರಿವು ನಿಂತಿದೆ: ಗಾಳಿ, ಕಟ್ಟಿಕೊಂಡ ಕೋರ್, ಇಲ್ಲವೇ ಮುಚ್ಚಿಯೇ ಉಳಿದ ಹೀಟರ್ ವಾಲ್ವ್ (ಎಲ್ಲ ಗಾಡಿಗಳಲ್ಲೂ ಅದು ಇರುವುದಿಲ್ಲ). ಗಾಳಿ ತೆಗೆದ ಮೇಲೂ ಹಾಗೇ ಇದ್ದರೆ ಕೋರ್ ತೊಳೆಯಿರಿ, ಬದಲಿಸುವುದು ಆಮೇಲಿನ ಮಾತು. ತಣ್ಣಗಿರುವಾಗ ಎರಡೂ ಹೋಸ್ ಬಿಚ್ಚಿ, ವಾಪಸ್ ಬರುವ ಕಡೆಯಿಂದ ಮೊದಲು ನೀರು ಬಿಡಿ, ಕಸ ಬಂದ ದಾರಿಯಲ್ಲೇ ಹೊರಬೀಳಲಿ. ತಿಳಿನೀರು ಬಂದ ಮೇಲೆ ದಿಕ್ಕು ಬದಲಿಸಿ. ನಲ್ಲಿಯ ಸಣ್ಣ ಧಾರೆ ಸಾಕು. ಕಂಪ್ರೆಸರ್ ಗಾಳಿ ಹೊಡೆದರೆ ತೆಳು ಅಲ್ಯೂಮಿನಿಯಂ ಕೊಳವೆ ಒಡೆದು, ಇಲ್ಲದ ಕೆಲಸ ಹುಟ್ಟುತ್ತದೆ.

ಎರಡೂ ಉಗುರುಬೆಚ್ಚಗೆ, ಅದರಲ್ಲೂ ವೇಗವಾಗಿ ಓಡುವಾಗಲೇ ಹೀಟರ್ ತಣ್ಣಗಾದರೆ, ತೆರೆದೇ ಸಿಕ್ಕಿಕೊಂಡ ಥರ್ಮೋಸ್ಟಾಟ್. ಸ್ಕ್ಯಾನರ್ ಹಾಕಿದರೆ ಬಹಳ ಸಲ ಪಿ0128 ಕೋಡ್ ಸಿಗುತ್ತದೆ, ಅಂದರೆ ಕೂಲೆಂಟ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ. ನಿಮ್ಮದು ಇದಕ್ಕೆ ತಿರುಗುಮುರುಗು, ಆದ್ದರಿಂದ ಥರ್ಮೋಸ್ಟಾಟ್ ಮೇಲೆ ನನಗೆ ಅನುಮಾನವಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಮುಚ್ಚಳ ತೆಗೆದಾಗ ಕೂಲೆಂಟ್ ಕಾಣಿಸಲೇ ಇಲ್ಲ. ಹೆಚ್ಚುಕಡಿಮೆ 1 ಲೀಟರ್ ಹಿಡಿಯಿತು. ಗಾಳಿ ತೆಗೆದ ಮೇಲೆ ಎರಡೂ ಹೋಸ್ ಬಿಸಿ, ಐಡ್ಲಿಂಗ್‌ನಲ್ಲೂ ಹೀಟರ್ ಚೆನ್ನಾಗಿ ಬಂತು. ಆದರೆ ನಾಲ್ಕು ದಿನಕ್ಕೆ ಮತ್ತೆ ಗುಳುಗುಳು. ಮಟ್ಟ ಸುಮಾರು 200 ಮಿಲಿ ಇಳಿದಿದೆ. ಗಾಡಿ ಕೆಳಗೆ ನೆಲ ಒಣಗಿಯೇ ಇದೆ.

ಉತ್ತರ 1

ಹಾಗಾದರೆ ಕೋರ್ ಕಟ್ಟಿಕೊಂಡಿಲ್ಲ ಎಂದು ಗೊತ್ತಾಯಿತು. ಈಗ ಕೂಲೆಂಟ್ ಎಲ್ಲಿಗೆ ಹೋಗುತ್ತಿದೆ ಎಂಬುದೇ ಪ್ರಶ್ನೆ, ಅದು ಸಿಗುವವರೆಗೆ ಬರೀ ತುಂಬಿಸುತ್ತಾ ಓಡಿಸಬೇಡಿ.

ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಎತ್ತಿ ಕೈಯಾಡಿಸಿ. ಅಂಟಂಟು ಪಸೆ, ಕ್ಯಾಬಿನ್‌ನಲ್ಲಿ ಸಿಹಿ ವಾಸನೆ, ಗಾಜಿನ ಒಳಗೆ ಒರೆಸಿದರೂ ಹೋಗದ ಜಿಡ್ಡು ಮಂಜು ಇದ್ದರೆ ಕೋರ್ ಸೋರುತ್ತಿದೆ, ಆಗ ಬದಲಿಸಲೇಬೇಕು. ಅದಿಲ್ಲದಿದ್ದರೆ ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಹೋಸ್ ಕ್ಲಿಪ್ಪುಗಳು, ರೇಡಿಯೇಟರಿನ ಪ್ಲಾಸ್ಟಿಕ್ ಅಂಚುಗಳಲ್ಲಿ ಒಣಗಿದ ಬಿಳಿ ಅಥವಾ ಬಣ್ಣದ ಕರೆ ಹುಡುಕಿ. ಬಿಸಿ ಎಂಜಿನ್ ಮೇಲೆ ಸೋರಿದ್ದು ಆವಿಯಾಗುವುದರಿಂದ ನೆಲ ಒಣಗಿಯೇ ಇರಬಹುದು. ಪ್ರೆಶರ್ ಟೆಸ್ಟ್ ಮಾಡಿಸಿ: ತಣ್ಣನೆ ಎಂಜಿನ್ನಿಗೆ ಕೈಪಂಪಿನಿಂದ ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಕಾಲು ಗಂಟೆ ಬಿಡುತ್ತಾರೆ, ಪಂಪಿನ ಒತ್ತಡದ ಮುಳ್ಳು ಇಳಿದರೆ ಸೋರಿಕೆ ಇದೆ. ಮುಚ್ಚಳವನ್ನು ಹೇಗಿದ್ದರೂ ಹೊಸದು ಹಾಕಿ.

ಉತ್ತರ 3

ಹೊರಗೆ ಎಲ್ಲೂ ಸೋರಿಕೆ ಸಿಗದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲು) ನೋಡಲೇಬೇಕು. ಸಿಲಿಂಡರಿನ ಗ್ಯಾಸ್ ಕೂಲೆಂಟಿಗೆ ನುಗ್ಗಿದರೆ, ಎಷ್ಟು ಸಲ ಗಾಳಿ ತೆಗೆದರೂ ಮತ್ತೆ ತುಂಬಿಕೊಳ್ಳುತ್ತದೆ. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯಾದರೆ ಅದೊಂದು ಗುರುತು. ಸೈಲೆನ್ಸರಿನಿಂದ ನಿಲ್ಲದೆ ಬರುವ ಬಿಳಿ ಹೊಗೆ ಇನ್ನೊಂದು. ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆತಂಥ ಬಣ್ಣ ಬಂದಿದ್ದರೆ ಗಾಡಿ ಓಡಿಸಬೇಡಿ. ಖಚಿತಪಡಿಸಲು ಬ್ಲಾಕ್ ಟೆಸ್ಟ್ ಇದೆ: ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ, ಪೆಟ್ರೋಲ್ ಎಂಜಿನ್ನಿನಲ್ಲಿ ಅದು ಹಳದಿಗೆ ತಿರುಗಿದರೆ ಗ್ಯಾಸ್ ಬರುತ್ತಿದೆ.

ಸೋರಿಕೆ ನಿಲ್ಲಿಸುವ ಪುಡಿ, ದ್ರಾವಣಗಳನ್ನು ಮಾತ್ರ ಸುರಿಯಬೇಡಿ. ಅವು ಮೊದಲು ಕಟ್ಟುವುದು ಹೀಟರ್ ಕೋರಿನ ಸಣ್ಣ ಕೊಳವೆಗಳನ್ನೇ. ಮತ್ತೆ, ಹೊರತೆಗೆದ ಹಳೆಯ ಕೂಲೆಂಟನ್ನು ತೆರೆದ ಬಕೆಟ್ಟಿನಲ್ಲಿ ಬಿಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿ ಬೆಕ್ಕುಗಳು ನೆಕ್ಕುತ್ತವೆ, ಸ್ವಲ್ಪವೇ ಆದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮುಚ್ಚಳವಿರುವ ಕ್ಯಾನಿಗೆ ತುಂಬಿ ಗ್ಯಾರೇಜಿಗೇ ಕೊಟ್ಟುಬಿಡಿ.