ತಳದಲ್ಲಿ ಗುರುತೇ ಇಲ್ಲದ ಜರ್ಮನ್ ಹೂದಾನಿ ಯಾರದ್ದು?

ಪ್ರಶ್ನೆ: ಸ್ಟುಟ್‌ಗಾರ್ಟ್‌ನ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡದ್ದು. ಹಿಡಿಯಿಲ್ಲ, ಎತ್ತರ 21 ಸೆಂ.ಮೀ., ಕಿತ್ತಳೆ ಮೈ ಮೇಲೆ ಕರಿ ಬೊಬ್ಬೆಬೊಬ್ಬೆಯ ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ). ತಳದಲ್ಲಿ ಹೆಸರಿಲ್ಲ, ಅಂಕಿಯಿಲ್ಲ. ಮಣ್ಣು ಕೆಂಗಂದು. ಮಾರಿದವರು ಶಾಯ್ರಿಷ್ ಎಂಬ ಜರ್ಮನ್ ಪಿಂಗಾಣಿ-ಮಣ್ಣಿನ ಸಾಮಾನಿನ ಕಂಪನಿಯದ್ದು ಅಂದರು. ನಂಬಬಹುದೇ ಸರ್?

ಉತ್ತರ: ನಂಬಲು ಕಾರಣ ಕಾಣುತ್ತಿಲ್ಲ ಮೇಡಂ. ಶಾಯ್ರಿಷ್ ಹೂದಾನಿಗಳ ಮಣ್ಣು ಸಾಮಾನ್ಯವಾಗಿ ಬಿಳಿ. ತಳದಲ್ಲಿ ಆಕಾರದ ಅಂಕಿ, ಅಡ್ಡಗೆರೆ, ಆಮೇಲೆ ಎತ್ತರ ಇರುತ್ತದೆ: 517-38 ಎಂದರೆ 517ನೇ ಆಕಾರ, 38 ಸೆಂ.ಮೀ. ಸಿಕ್ಕಿದ್ದಕ್ಕೆಲ್ಲ ಆ ಹೆಸರು ಅಂಟಿಸುವುದು ಮಾರುವವರ ಚಾಳಿ.

ಗುರುತು ನಿಜಕ್ಕೂ ಇಲ್ಲವೇ ಎಂದು ಮೊದಲು ನೋಡಿ. ಇಂಥ ಹೂದಾನಿಗಳು ಪ್ಲಾಸ್ಟರ್ ಅಚ್ಚಿಗೆ ಮಣ್ಣಿನ ನೀರು ಸುರಿದು ಮಾಡಿದವು. ಅಚ್ಚು ಸವೆದ ಹಾಗೆ ಅಕ್ಷರವೂ ಮಸುಕಾಗುತ್ತದೆ, ಉಳಿದದ್ದನ್ನು ಗ್ಲೇಜ್ ತುಂಬಿಬಿಡುತ್ತದೆ. ಕತ್ತಲಲ್ಲಿ ಟಾರ್ಚನ್ನು ತಳಕ್ಕೆ ತೀರಾ ಓರೆಯಾಗಿ ಹಿಡಿಯಿರಿ. ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೂ ಅಂಕಿ ಮೂಡಬಹುದು. ನೀರಲ್ಲಿ ನೆನೆಹಾಕಬೇಡಿ, ಗ್ಲೇಜ್ ಇಲ್ಲದ ತಳ ನೀರು ಹೀರುತ್ತದೆ.

ಮಣ್ಣಿನ ಬಣ್ಣವನ್ನು ತಳದ ಮಧ್ಯದಲ್ಲಿ ನೋಡಿ ನಿರ್ಧರಿಸಬೇಡಿ. ಬಿಳಿ ಮಣ್ಣಿಗೆ ಕಂದು ಬಳಿದಿರುವುದುಂಟು. ಅಂಚು ಕಿತ್ತ ಜಾಗ ಇದ್ದರೆ ಅಲ್ಲಿ ನೋಡಿ.

ಪ್ರಶ್ನೆ: ತಳದ ಅಂಚಿನಲ್ಲಿ ಒಂದು ಚಕ್ಕೆ ಎದ್ದಿದೆ. ಒಳಗೂ ಕೆಂಪೇ. ಅಂಟಿಸಿದ ಫೆಲ್ಟ್ ಬಟ್ಟೆಯ ಚೂರೂ ಇದೆ.

ಉತ್ತರ: ಹಾಗಾದರೆ ಬಾನ್ ಹತ್ತಿರದ ರೈನ್‌ಬಾಖ್ ಕಡೆ ನೋಡೋಣ. ಒಟ್ಟೊ ಗೆರ್ಹಾರ್ಟ್ಸ್ 1964ರಲ್ಲಿ ಅಲ್ಲಿ ಶುರು ಮಾಡಿದ ಒಟ್ಟೊ ಕೆರಾಮಿಕ್ ಕಂಪನಿಯ ಎಷ್ಟೋ ಹೂದಾನಿಗಳಿಗೆ ಕಾಗದದ ಚೀಟಿ ಬಿಟ್ಟರೆ ಬೇರೆ ಗುರುತಿಲ್ಲ. ಚೀಟಿ ಉದುರಿದರೆ ಅನಾಥ! ಅದೇ ಊರಿನ ರುಷಾ ಕಂಪನಿ ಕೂಡ ಕೆಂಪು ಮಣ್ಣು ಬಳಸಿದೆ. ಗೆರ್ಹಾರ್ಟ್ಸ್ ಮೊದಲು ರುಷಾದಲ್ಲಿದ್ದವರು, 1959ರ ‘ವುಲ್ಕಾನೊ’ ಎಂಬ ಬೊಬ್ಬೆಯ ಗ್ಲೇಜ್ ಅವರದ್ದೇ. ಹಾಗಾಗಿ ಗ್ಲೇಜ್ ಒಂದನ್ನೇ ನೋಡಿ ಎರಡನ್ನೂ ಬೇರೆ ಮಾಡಲಾಗದು. ಆಕಾರ ಹೊಂದಬೇಕು: ಬಾಯಿಯ ಅಂಚು, ಕತ್ತಿನ ತಿರುವು, ತಳದ ಉಂಗುರದ ಅಗಲ. ಚೀಟಿ ಉಳಿದ ಇನ್ನೊಂದು ಹೂದಾನಿಯ ಜೊತೆ ಅಳತೆ ಸಮೇತ ಹೋಲಿಸಿ. ಕೈಯಳತೆಯಲ್ಲಿ ಅರ್ಧ ಸೆಂ.ಮೀ. ವ್ಯತ್ಯಾಸ ಸಹಜ.

ಇನ್ನೊಬ್ಬರ ಸೇರ್ಪಡೆ: ಸೆರಾಮಾನೊ ಎಂಬ ಇನ್ನೊಂದು ಜರ್ಮನ್ ಕಂಪನಿಯ ಮಣ್ಣೂ ಕೆಂಪೇ, ಆದರೆ ಅವರು ಹಸಿ ಮಣ್ಣಿನ ಮೇಲೆ ಹೆಸರು, ವಿನ್ಯಾಸ ಎರಡನ್ನೂ ಕೈಯಲ್ಲೇ ಗೀಚುತ್ತಿದ್ದರು. ಬರಿದಾದ ತಳ ಅವರದ್ದಾಗುವುದು ಕಡಿಮೆ. ಬೊಬ್ಬೆ ಇದೆ ಎಂದ ಮಾತ್ರಕ್ಕೆ ಅರವತ್ತರ ದಶಕದ್ದೂ ಆಗಬೇಕಿಲ್ಲ. ಗ್ಲೇಜಿನಲ್ಲಿ ಸಿಲಿಕಾನ್ ಕಾರ್ಬೈಡ್ ಬೆರೆಸಿ ಸುಟ್ಟರೆ ಅನಿಲ ಹೊರಟು ಗುಳ್ಳೆ ಒಡೆಯುತ್ತದೆ, ಅಷ್ಟೇ. ಇವತ್ತೂ ಯಾರು ಬೇಕಾದರೂ ಮಾಡಬಹುದು.

ಉತ್ತರ: ಸರಿ. ಕರಿ ಬೊಬ್ಬೆಗಳ ತುದಿಯನ್ನು ಯುವಿ (ಅತಿನೇರಳೆ ಬೆಳಕಿನ) ಟಾರ್ಚಿನಲ್ಲೂ ನೋಡಿ ಮೇಡಂ. ಉದುರಿದ ಕಡೆ ಬಣ್ಣ ಹಚ್ಚಿದ್ದರೆ ಸುತ್ತಲಿನ ಗ್ಲೇಜಿಗಿಂತ ಬೇರೆಯಾಗಿ ಕಾಣಬಹುದು. ಆಕಾರ ಹೊಂದುವವರೆಗೆ ನಿಮ್ಮದೇ ಒಂದು ಚೀಟಿಯಲ್ಲಿ ‘ರೈನ್‌ಬಾಖ್, ಬಹುಶಃ ಒಟ್ಟೊ’ ಎಂದಷ್ಟೇ ಬರೆದಿಡಿ.